ಮೂಗಿನ ಮರ್ಯಾದೆ

ಬಡಾವಣೆಯೊಂದರ ಪುಟ್ಟ ಹೋಟೆಲಿಗೆ ಜನ ಬರುತ್ತಿದ್ದುದೇ ವೈನಿಗಾಗಿ, ಅದನ್ನು ಮೂಸಿ ಆರಿಸಿ ಕೊಡುವ ಅಲ್ಲಿನ ನೌಕರನ ಮೂಗಿನ ಮೇಲಿನ ನಂಬಿಕೆಯಿಂದ. ಆರು ತಿಂಗಳ ಹಿಂದೆ ಬಂದ ಜ್ವರವೊಂದು ಆ ಮೂಗನ್ನು ಕೆಡಿಸಿಬಿಟ್ಟಿತ್ತು. ಈಗ ಅದಕ್ಕೆ ಮಲ್ಲಿಗೆಯೂ ಒಂದೇ, ಸೀಮೆಎಣ್ಣೆಯೂ ಒಂದೇ. ಹೇಳಿದರೆ ಕೆಲಸ ಹೋಗುತ್ತದೆ. ಹಾಗಾಗಿ ಗಿರಾಕಿಯೇ ಮೊದಲು ಬಾಯಿಬಿಡಲೆಂದು ಕಾದು, ಅವರು ಹೇಳಿದ್ದಕ್ಕೇ ಒಂದಿಷ್ಟು ಬಣ್ಣ ಹಚ್ಚಿ ಹೇಳುತ್ತಿದ್ದ.

ಇವತ್ತು ಮಾಲೀಕರು ಹೆಸರಾಂತ ವೈನ್ ಪರೀಕ್ಷಕರೊಬ್ಬರನ್ನು ಕರೆತಂದು ಅವನ ಎದುರಿಗೇ ಕೂರಿಸಿದರು. ಲೇಬಲ್ ಇಲ್ಲದ ಬಾಟಲಿಯಿಂದ ಇಬ್ಬರಿಗೂ ಸುರಿದರು. ಇಬ್ಬರೂ ಮೂಸಿದರು.

"ನೀವು ಹೇಳಿ ಸಾರ್, ದೊಡ್ಡವರು," ಎಂದ ಅವನು.

"ಛೆ, ನಿಮ್ಮ ಹೋಟೆಲಿಗೆ ಬಂದಿದೀನಿ. ನೀವೇ ಹೇಳ್ಬೇಕು."

"ನಿಮ್ಮ ಮುಂದೆ ನಾನೇನು ಹೇಳ್ಲಿ ಸಾರ್?"

"ಹೇಳಯ್ಯ, ಎಷ್ಟೊತ್ತು?" ಮಾಲೀಕರು ಗದರಿದರು.

ಅವನು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ: "ನೇರಳೆ ಹಣ್ಣು... ಸ್ವಲ್ಪ ಲವಂಗ."

ಪರೀಕ್ಷಕರು ಕಣ್ಣುಮುಚ್ಚಿ ತಲೆದೂಗಿದರು. "ನೇರಳೆಯೇ. ಲವಂಗ ಆಮೇಲೆ ಬರುತ್ತೆ."

ಮಾಲೀಕರು ಹಿಗ್ಗಿ, ಊಟ ತರಿಸಲು ಒಳಗೆ ಹೋದರು. ಪರೀಕ್ಷಕರು ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದರು:

"ನನ್ನ ಮೂಗು ಹೋಗಿ ಒಂದು ವರ್ಷ ಆಯ್ತು. ನಿಮ್ದು ಯಾವಾಗ ಹೋಯ್ತು?"