ಊರ ನೀರಿನ ಹಲ್ಲು

ಆ ಊರಿನ ಬೋರ್‌ವೆಲ್‌ನಲ್ಲಿ ನೀರಿಗಿಂತ ಫ್ಲೋರೈಡೇ ಹೆಚ್ಚು. ಕುಡಿದು ಬೆಳೆದವರ ಹಲ್ಲೆಲ್ಲ ಕಂದು. ಓಟು ಕೇಳಲು ಬಂದ ಅಭ್ಯರ್ಥಿ ಅರಳಿಕಟ್ಟೆ ಹತ್ತಿ ಎದೆ ತಟ್ಟಿಕೊಂಡ.

“ನಾನೂ ಇದೇ ನೀರು ಕುಡಿದು ಬೆಳೆದವನು! ನಿಮ್ಮ ಮನೆಮಗ!”

ಮುಂದೆ ಕೂತಿದ್ದ ಓಬಕ್ಕ ಎದ್ದಳು. “ಎಲ್ರೂ ಹಂಗೇ ಅಂತಾರೆ. ಹೋದ್ಸಲ ಗೆದ್ದೋನ ಹಲ್ಲು ಮಲ್ಲಿಗೆ ಮೊಗ್ಗಿದ್ದಂಗಿತ್ತು. ಮನೆಮಗ ಅಂದ್ಮೇಲೆ ಒಂದ್ಸಲ ಹಲ್ಲು ತೋರ್ಸಪ್ಪ, ನೋಡಾನ.”

ಸಭೆಯೆಲ್ಲ ಕತ್ತು ಚಾಚಿತು. ಅಭ್ಯರ್ಥಿ ಕಿವಿಯವರೆಗೂ ಬಾಯಿ ಅಗಲಿಸಿದ. ಒಂದೊಂದು ಹಲ್ಲೂ ಅಚ್ಚ ಕಂದು.

“ಅಯ್ಯೋ, ನಮ್ಮೋನೇ ಕಣ್ರೋ!” ಓಬಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಾರ ಬಿತ್ತು, ಪಟಾಕಿ ಸಿಡಿಯಿತು.

ಕಾರು ಊರು ದಾಟಿದ ಮೇಲೆ ಅಭ್ಯರ್ಥಿ ಬಾಟಲಿ ನೀರಿನಿಂದ ಬಾಯಿ ಮುಕ್ಕಳಿಸಿ ಕಿಟಕಿಯಾಚೆ ಉಗಿದ. ಬಳಿದುಕೊಂಡಿದ್ದ ಎಲೆಅಡಿಕೆ ಕಾಚಿನ ಬಣ್ಣ ತೊಳೆದುಹೋಗಿ ಹಲ್ಲು ಫಳಫಳ ಹೊಳೆಯಿತು.

“ಥೂ, ಬಾಯೆಲ್ಲ ಒಗರು. ಮುಂದಿನ ಊರಲ್ಲೂ ಇದನ್ನೇ ಬಳ್ಕೋಬೇಕೇನಯ್ಯ?”

“ಅಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿ ಸಾರ್,” ಎಂದ ಪಕ್ಕದಲ್ಲಿದ್ದ ಕಾರ್ಯಕರ್ತ. “ಹಲ್ಲೊಂದೇ ಸಾಲಲ್ಲ, ಜನರಿಗೆ ಮಂಡೀನೇ ಸೊಟ್ಟ. ಊರುಗೋಲು ಡಿಕ್ಕೀಲಿ ಇಟ್ಟಿದೀನಿ.”