ಖಾಲಿ ಮೊಳೆ

ಹೇಮಶ್ರೀ ಗೋಡೆಯ ಮೊಳೆಯಿಂದ ದಾರ ಕಟ್ಟಿದ ಟೋಕನ್ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದಳು. "ಇವತ್ತಿಂದ ಇದು ಬೇಡ. ಬಾತ್‌ರೂಮಿಗೆ ಯಾವಾಗ ಬೇಕಾದ್ರೂ ಹೋಗ್ಬನ್ನಿ. ಯಾರನ್ನೂ ಕೇಳ್ಬೇಕಾಗಿಲ್ಲ." ನಾಯಂಡಹಳ್ಳಿಯ ಆ ಗಾರ್ಮೆಂಟ್ಸಿಗೆ ಎಚ್‌ಆರ್ ಆಗಿ ಬಂದ ಹೊಸದರಲ್ಲಿ ಅದನ್ನು ನೇತುಹಾಕಿಸಿದವಳೂ ಅವಳೇ. ಹೊಲಿಗೆ ಮಿಷಿನ್ನುಗಳ ಒಂದು ಲೈನಿಗೆ ಒಂದೇ ಟೋಕನ್. ಕೊರಳಿಗೆ ಹಾಕಿಕೊಂಡು ಹೋದವಳು ತಂದು ಮೊಳೆಗೆ ಸಿಕ್ಕಿಸುವ ತನಕ ಉಳಿದವರೆಲ್ಲ ಕಾಯಬೇಕು. ವರ್ಷಗಟ್ಟಲೆ ಕಾದಿದ್ದರು.

ಕಾಲರ್ ಹೊಲಿಯುತ್ತಿದ್ದ ಕುಸುಮಾ ಎದ್ದಳು. ಬಾತ್‌ರೂಮಿನ ಕಡೆ ಹೊರಟವಳು ಮೊಳೆಯ ಹತ್ತಿರ ನಿಂತು, ವಾಪಸ್ ಬಂದು ಕೂತಳು.

"ಯಾಕೆ ಕುಸುಮಾ? ಹೋಗಮ್ಮ, ಒಳಗೆ ಯಾರೂ ಇಲ್ಲ."

"ಗೊತ್ತು ಮೇಡಂ. ಆದ್ರೆ ಮೊಳೆ ಖಾಲಿ ಇದ್ರೆ ಯಾರೋ ಹೋಗಿದಾರೆ ಅಂತಾನೇ ಅನ್ಸುತ್ತೆ. ಕಾಲೇ ಮುಂದೆ ಹೋಗಲ್ಲ."

ಹೇಮಶ್ರೀ ತಾನೇ ಹೋಗಿ ಬಾತ್‌ರೂಮಿನ ಬಾಗಿಲನ್ನು ಪೂರ್ತಿ ತೆರೆದು ನಿಂತಳು. ಯಾರೂ ಏಳಲಿಲ್ಲ. ಇಡೀ ಲೈನು ತಲೆ ತಗ್ಗಿಸಿ ಹೊಲಿಯುತ್ತಲೇ ಇತ್ತು. ಕುಸುಮಾಳ ಮೂಗಿನ ಕೆಳಗೆ ಬೆವರು ಮೂಡಿತ್ತು. ಪಕ್ಕದ ಮಿಷಿನ್ನಿನ ಬೋರಮ್ಮ ಮಂಡಿಗಳನ್ನು ಒತ್ತಿಹಿಡಿದು ಕೂತಿದ್ದಳು. ಹೇಮಶ್ರೀ ಗೋಡೆಯ ಬಳಿಗೆ ಬಂದು ಟೋಕನ್ನನ್ನು ಮತ್ತೆ ಮೊಳೆಗೆ ಸಿಕ್ಕಿಸಿದಳು.

ಕುಸುಮಾ ಓಡಿಬಂದು ಅದನ್ನು ಕೊರಳಿಗೆ ಹಾಕಿಕೊಂಡಳು. "ತುಂಬಾ ಥ್ಯಾಂಕ್ಸ್ ಮೇಡಂ," ಎಂದು ಮನಸಾರೆ ಹೇಳಿ ಒಳಗೆ ಹೋದಳು.

ಅವಳ ಹಿಂದೆಯೇ ಬೋರಮ್ಮ ಅರ್ಧ ಎದ್ದಳು, ಮೊಳೆಯ ಕಡೆ ನೋಡಿದಳು, ಕೂತಳು.