ನೀರವಂಜಿಯ ಹಸಿರು

ನಿನ್ನೆ ನೀರವಂಜಿ ಮರದ ಬುಡ ಅಗೆದಾಗ ಕಂಡದ್ದನ್ನು ವಾರಿಜಾ ದಿನಚರಿಯಲ್ಲಿ ಬರೆದಿಟ್ಟಿದ್ದಳು. ನಾಲ್ಕು ಜನರೆದುರು ಹೇಳಲು ನಾಲಗೆ ಏಳುತ್ತದೋ ಇಲ್ಲವೋ ಎಂಬುದೇ ಅವಳ ಅಳುಕು. ಅವಳ ಚಿಕ್ಕಪ್ಪನ ತೋಟದ ಬಾವಿಯಿಂದ ಊರ ಶಾಲೆಗೆ ಕುಡಿಯುವ ನೀರು ಕೊಡಿಸುವುದನ್ನು ತೀರ್ಮಾನಿಸಲು ಇಂದು ಪಂಚಾಯಿತಿ ಅಧ್ಯಕ್ಷರೇ ಬಂದಿದ್ದರು.

"ಎಳನೀರು ಕಣ್ರೀ ಇದು!" ಎಂದು ಅಧ್ಯಕ್ಷರು ಬಾವಿ ನೀರಿನ ಎರಡನೇ ಲೋಟ ಮುಗಿಸಿ ಮೀಸೆ ನೆಕ್ಕಿಕೊಂಡರು. ವಾರಿಜಾ ಖಾಲಿ ಲೋಟ ತೆಗೆದುಕೊಂಡಳು.

ಚಿಕ್ಕಪ್ಪ ಬಾವಿಯ ಪಕ್ಕದ ನೀರವಂಜಿ ಮರಗಳನ್ನು ತೋರಿಸಿದ. "ಬರೀ ಕಡ್ಡಿ ಚುಚ್ಚಿದ್ದು. ಐದೇ ವರ್ಷಕ್ಕೆ ಹೆಂಗ್ ಎದ್ದಿದೆ ನೋಡಿ!"

"ಈ ಬಿಸಿಲಲ್ಲೂ ಇಷ್ಟು ಹಸಿರಾ! ಏನ್ರೀ ಗೊಬ್ಬರ?"

"ಏನೂ ಹಾಕಿಲ್ಲ, ಎಲ್ಲಾ ದೇವರ ದಯೆ. ವಾರಿಜಾ, ಇನ್ನೊಂದ್ ಲೋಟ ಕೊಡಮ್ಮ."

ಅವಳು ತುಂಬಿದ ಲೋಟವನ್ನು ನೆಲಕ್ಕೆ ಸುರಿದಳು.

"ನಮ್ಮ ಪಾಯಿಖಾನೆ ಗುಂಡಿಯ ಗೋಡೆನ ಬೇರು ಸೀಳಿಹಾಕಿದೆ ಸರ್. ಮರ ಕುಡಿದು ಮಿಕ್ಕಿದ್ದು ಈ ಬಾವಿಗೇ ಸೋರ್ತಿದೆ."